ಬಳ್ಳಾರಿ ಸೀಮೆಯಲ್ಲಿ ಚಿತ್ತವಿಕಲರ ಶುಶ್ರೂಷೆ

ಭಾರತದ ಮನೋವೈದ್ಯದ ಚರಿತ್ರೆಯನ್ನು ಬರೆಯಹೊರಟವರು ಬಳ್ಳಾರಿಯ ಹೆಸರನ್ನು ಎತ್ತದೆ ಮುಂದುವರಿಯುವಂತಿಲ್ಲ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯವರು, ಎಂದರೆ ಜನರು ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯವರು, 1985ರಲ್ಲಿ ಈ ಜಿಲ್ಲೆಯಲ್ಲಿ ಕೈಕೊಂಡ ಪ್ರಯೋಗವು ಮುಂದೆ ದೇಶಕ್ಕೆಲ್ಲ ಮಾದರಿಯಾಯಿತು. ಆದರೆ ಆ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವವರು ವೈದ್ಯರು, ಔಷಧಗಳು, ರೋಗಿಗಳು. ರೋಗಿಯ ಮಗ್ಗುಲಲ್ಲಿ ಅರೆನಿದ್ದೆಯಲ್ಲಿ ರಾತ್ರಿ ಕಳೆದ ತಾಯಿಯಾಗಲಿ, ತಮ್ಮನ ಸಲುವಾಗಿ ಮದುವೆಯನ್ನು ಮುಂದೂಡಿದ ಅಕ್ಕನಾಗಲಿ ಅಲ್ಲಿ ಕಾಣುವುದಿಲ್ಲ. ಚರಿತ್ರೆಯು ದಾಖಲೆಯಿಂದ ಹುಟ್ಟತಕ್ಕದ್ದು. ಮನೆಯೊಳಗಿನ ಶುಶ್ರೂಷೆಗೆ ದಾಖಲೆಯೆಂಬುದಿಲ್ಲ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಎಂಬ ಮೂರು ಸ್ಥಳಗಳನ್ನು ಮುಂದಿಟ್ಟುಕೊಂಡು ದಾಖಲೆಗಳು ಬಿಟ್ಟಿರುವ ಈ ಎಡೆಯನ್ನು ಸಾಧ್ಯವಾದಷ್ಟು ವಿಚಾರಿಸುವುದೇ ಪ್ರಕೃತದ ಉದ್ದೇಶ.

ಮೊದಲು ಶಬ್ದಗಳ ವಿಚಾರ. ವೈದ್ಯರು ಸ್ಕಿಜೋಫ್ರೇನಿಯಾ ಎನ್ನುವ ವ್ಯಾಧಿಗೆ ಆ ಹೆಸರು ಬಂದುದು ಈಚೆಗೆ. ಜರ್ಮನಿಯ ಎಮಿಲ್ ಕ್ರೇಪೆಲಿನ್ 1896ರ ಹೊತ್ತಿಗೆ ಇದರ ಲಕ್ಷಣಗಳನ್ನು ಒಂದೆಡೆಗೆ ತಂದು, ಎಳೆಯ ಪ್ರಾಯದಲ್ಲಿಯೇ ಬರುವ ಬುದ್ಧಿಕ್ಷಯವೆಂಬ ಅರ್ಥದ ಹೆಸರನ್ನಿಟ್ಟಿದ್ದನು. ಸ್ವಿಟ್ಜರ್ಲೆಂಡಿನ ಯೂಜೀನ್ ಬ್ಲಾಯ್ಲರನು ಅದನ್ನೊಪ್ಪದೆ 1908ರಲ್ಲಿ ಸೀಳು ಮತ್ತು ಮನಸ್ಸು ಎಂಬರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಈಗಿನ ಹೆಸರನ್ನು ಕಟ್ಟಿದನು. ಕನ್ನಡದಲ್ಲಿ ಇದನ್ನು ಇಚ್ಚಿತ್ತವಿಕಲತೆ, ಛಿದ್ರಮನಸ್ಕತೆ, ಚಿತ್ತವಿಕಲತೆ ಎಂದು ಬಗೆಬಗೆಯಾಗಿ ಕರೆದಿರುವರು. ಮೊದಲನೆಯದು ಶಬ್ದಕ್ಕೆ ಶಬ್ದವಾಗಿ ಸರಿಯಾದರೂ ಓದುವವರಲ್ಲಿ ಒಬ್ಬನ ಮೈಯಲ್ಲಿ ಇಬ್ಬರಿರುವರೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ವಿಚಾರ, ಭಾವ, ಇಚ್ಛೆ ಇವುಗಳಿಗೆ ಪರಸ್ಪರವಿದ್ದ ಹೊಂದಿಕೆ ಕಡಿದುಹೋಗುವುದೆಂಬುದೇ ಬ್ಲಾಯ್ಲರನ ಅಭಿಪ್ರಾಯ. ಯಾರೂ ಆಡದ ಮಾತು ಕಿವಿಗೆ ಬೀಳುವುದು, ಹತ್ತಿರದವರ ಮೇಲೆಯೇ ಸಂಶಯ ಬರುವುದು, ಮಾತಿನ ಸರಣಿ ತಪ್ಪುವುದು, ಬರಬರುತ್ತ ಯಾವ ಕೆಲಸದಲ್ಲಿಯೂ ಮನಸ್ಸು ಹತ್ತದೆ ಮೂಲೆ ಹಿಡಿದು ಕೂಡುವುದು ಇದರ ಲಕ್ಷಣಗಳು. ಚಿತ್ತವಿಕಲತೆ ಎಂಬ ಮೂರನೆಯ ಶಬ್ದವೇ ಇವಕ್ಕೆ ಒಪ್ಪುವಂತಿರುವುದರಿಂದ ಇಲ್ಲಿ ಅದನ್ನೇ ಬಳಸಿದೆ.

ಜನರ ಬಾಯಲ್ಲಿ ಮಾತ್ರ ಈ ಯಾವ ಶಬ್ದವೂ ಇಲ್ಲ. ಅಲ್ಲಿರುವುದು ಹುಚ್ಚು, ಮರುಳು, ತಲೆ ಕೆಟ್ಟಿರುವುದು, ಗಾಳಿ ಸೋಕಿರುವುದು. ಬಳ್ಳಾರಿಯ ಕನ್ನಡದಲ್ಲಿ ತೆಲುಗು ಬೆರೆತಿರುವುದರಿಂದ ಹುಚ್ಚು ಎಂಬರ್ಥದ ‘ಎರ್ರಿ’ ಎಂಬ ಶಬ್ದವೂ ಅಷ್ಟೇ ಪರಿಚಿತ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬಳ್ಳಾರಿಗೆ ಸಮೀಪದ ಚೆಳ್ಳಗುರ್ಕಿಯಲ್ಲಿ ಜನ ಭಕ್ತಿಯಿಂದ ನಡೆದುಕೊಳ್ಳುವ ಅವಧೂತರ ಹೆಸರು ಎರ್ರಿತಾತ. ಆ ಸೀಮೆಯ ಮನೆಮನೆಯಲ್ಲಿಯೂ ಎರ್ರಿಸ್ವಾಮಿ ಎಂಬ ಹೆಸರಿನ ಗಂಡುಮಕ್ಕಳುಂಟು. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಈಗ ವಿಜಯನಗರ ಜಿಲ್ಲೆಯಲ್ಲಿರುವ ಉಜ್ಜಿನಿಯ ದೇವರು ಮರುಳಸಿದ್ಧ. ಲೋಕದ ಕಟ್ಟನ್ನು ಮೀರಿದವನಿಗೆ ಗೌರವದಿಂದ ಸಲ್ಲುವ ಹೆಸರೇ ಮನೆಯೊಳಗೆ ಮಗನಿಗೆ ತಗುಲಿದಾಗ ತಲೆ ತಗ್ಗಿಸುವ ಮಾತಾಗುವುದು. ಈ ವೈಪರೀತ್ಯವನ್ನು ಬರಿಯ ಮೂಢತನವೆಂದು ತಳ್ಳಿಹಾಕುವುದು ಸುಲಭ, ಆದರೆ ಯುಕ್ತವಲ್ಲ. ಊರಿನ ದೇವರೇ ಆ ಹೆಸರನ್ನು ಹೊತ್ತಿರುವುದರಿಂದ ಮನೆಯವರಿಗೆ ಸ್ವಲ್ಪಮಟ್ಟಿನ ಸಮಾಧಾನವೂ ದೊರಕಿರಬೇಕು.

ನೋಡಿಕೊಳ್ಳುವವರಿಗೆ ಇದ್ದ ಹೆಸರಾವುದು? ಆರೈಕೆದಾರ ಎಂಬುದು ಈಚಿನ ಕಚೇರಿಯ ಮಾತು. ಅದರ ಮೂಲವಾದ ಹಳಗನ್ನಡದ ‘ಆರಯ್’ ಧಾತುವಿಗೆ ಅರಸು, ವಿಚಾರಿಸು, ಪೋಷಿಸು ಎಂಬ ಅರ್ಥಗಳುಂಟು. ಶುಶ್ರೂಷೆಯು ಸಂಸ್ಕೃತದಲ್ಲಿ ಕೇಳಬೇಕೆಂಬ ಇಚ್ಛೆಯನ್ನು ಹೇಳುವ ರೂಪ, ಸೇವೆಯೆಂಬರ್ಥ ಆಮೇಲಿನದು. ಆಯುರ್ವೇದಕ್ಕೆ ಹೋದರೆ, ಚರಕಸಂಹಿತೆಯು ಉನ್ಮಾದದಲ್ಲಿ ಐದು ಬಗೆಗಳನ್ನು ಹೇಳಿ ಮನಸ್ಸು, ಬುದ್ಧಿ, ಸ್ಮೃತಿ, ಶೀಲ, ಆಚಾರ ಮೊದಲಾದವುಗಳ ವಿಭ್ರಮವೇ ಅದರ ಸ್ವರೂಪವೆನ್ನುತ್ತದೆ. ಅದಕ್ಕಿಂತಲೂ ಪ್ರಕೃತಕ್ಕೆ ಮುಖ್ಯವಾದುದು ಚಿಕಿತ್ಸೆಯ ನಾಲ್ಕು ಪಾದಗಳ ಎಣಿಕೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ವಿಧಿಸಿದೆ. ಅಲ್ಲಿಯ ಅನುರಾಗವು ಒಡೆಯನ ಮೇಲಿನದಾದುದರಿಂದ ಶಾಸ್ತ್ರಕಾರನ ಕಣ್ಣ ಮುಂದಿದ್ದವನು ಮನೆಯ ಆಳೇ ಹೊರತು ತಾಯಿಯೋ ಹೆಂಡತಿಯೋ ಅಲ್ಲವೆಂಬುದು ಸ್ಪಷ್ಟ. ಹಾಗಿದ್ದರೂ ಆತನನ್ನು ಚಿಕಿತ್ಸೆಯ ಒಂದು ಕಾಲೆಂದು ಎಣಿಸಿದುದು ದೊಡ್ಡ ಮಾತು. ಈ ಎಣಿಕೆಯು ಆಧುನಿಕ ಕಾಲದ ಕಡತಗಳಲ್ಲಿ ಬಿಟ್ಟುಹೋದುದನ್ನು ಮುಂದೆ ನೋಡಬಹುದು.

1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಗಳೊಡನೆ ಬಳ್ಳಾರಿಯು ಕಂಪೆನಿಯ ಕೈಗೆ ಬಂದು, 1953ರ ಅಕ್ಟೋಬರ್ 1ರ ವರೆಗೆ ಮದರಾಸಿನ ಆಡಳಿತದಲ್ಲಿತ್ತು. ಏಕೀಕರಣದ ಚರಿತ್ರೆಯನ್ನು ಬರೆದವರು ಬಳ್ಳಾರಿಯಲ್ಲಿ 1926ರಲ್ಲಿಯೂ 1938ರಲ್ಲಿಯೂ ನೆರೆದ ಸಾಹಿತ್ಯ ಸಮ್ಮೇಳನಗಳನ್ನು, ಶಾಲೆಯ ಭಾಷೆಯನ್ನು, ಗಡಿಯ ವಾದವನ್ನು ವಿಸ್ತಾರವಾಗಿ ಹೇಳಿರುವರು. ಆಸ್ಪತ್ರೆಯ ಭಾಷೆಯನ್ನು ಕುರಿತು ಹೇಳಿದುದು ವಿರಳ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮದರಾಸು ಸರ್ಕಾರಕ್ಕಿದ್ದ ಹುಚ್ಚಾಸ್ಪತ್ರೆಗಳು ಮೂರು: ಮದರಾಸಿನ ಕಿಲ್ಪಾಕದಲ್ಲಿ 1871ರಲ್ಲಿ ತೆರೆದುದು, ವಾಲ್ಟೇರಿನದು, ಕಲ್ಲಿಕೋಟೆಯದು. ತಮಿಳು, ತೆಲುಗು, ಮಲಯಾಳ ನಾಡುಗಳಿಗೆ ಒಂದೊಂದು. ಕನ್ನಡ ನಾಡಿಗೆ ಯಾವುದೂ ಇಲ್ಲ. ಕನ್ನಡವನ್ನಾಡುವ ಧಾರವಾಡದ ಆಲಯವು ಮುಂಬಯಿ ಸರ್ಕಾರಕ್ಕೂ ಬೆಂಗಳೂರಿನದು ಮೈಸೂರು ಸಂಸ್ಥಾನಕ್ಕೂ ಸೇರಿದ್ದವು. ಮುರಿದ ಕೈಯನ್ನು ವೈದ್ಯನು ಭಾಷೆಯಿಲ್ಲದೆಯೂ ಕಟ್ಟಬಲ್ಲನು. ಚಿತ್ತವಿಕಲತೆಯಾದರೋ ಮಾತಿನಲ್ಲಿಯೇ ಕಾಣಿಸಿಕೊಳ್ಳುವ ರೋಗ. ಮಾತನ್ನರಿಯದವನಿಗೆ ಅದು ಕಾಣುವುದೇ ಕಷ್ಟ. ಸಿರುಗುಪ್ಪದ ಒಕ್ಕಲಿಗನು ಮಗನನ್ನು ನೂರಾರು ಮೈಲಿ ಕರೆದೊಯ್ದು, ತನಗೆ ತಿಳಿಯದ ಮಾತಿನ ಊರಿನಲ್ಲಿ ಬಿಟ್ಟು ಬರುವುದೆಂದರೆ ಬಹುಮಟ್ಟಿಗೆ ಕಳೆದುಕೊಳ್ಳುವುದೇ ಆಗಿತ್ತು. ಆದುದರಿಂದ ಬಹುಪಾಲು ಜನರಿಗೆ ಮನೆಯೇ ಆಲಯವಾಯಿತು. ಉಗ್ರವಾದಾಗ ಕೋಣೆಯ ಅಗಳಿ, ಹಗ್ಗ, ಸರಪಳಿಗಳೇ ಉಪಕರಣಗಳಾದವು.

ಕಾನೂನು ಈ ಮನೆಯವರನ್ನು ಕಂಡ ಬಗೆ ಇನ್ನೂ ವಿಚಾರಾರ್ಹವಾದುದು. 1858ರ 36ನೆಯ ಆಕ್ಟಿನಲ್ಲಿಯೂ ಅದರ ಸ್ಥಾನಕ್ಕೆ ಬಂದ 1912ರ ಭಾರತೀಯ ಹುಚ್ಚರ ಕಾಯಿದೆಯಲ್ಲಿಯೂ ಬಂಧುವಿಗೆ ಎರಡೇ ಪಾತ್ರಗಳು. ಒಂದು, ರೋಗಿಯನ್ನು ಒಳಗೆ ಸೇರಿಸಿಕೊಳ್ಳಿರೆಂದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ಅರ್ಜಿದಾರನದು. ಎರಡು, ಪೋಷಿಸಬೇಕಾದವನು ಪೋಷಿಸದಿದ್ದರೆ ಶಿಕ್ಷೆಗೆ ಗುರಿಯಾಗುವ ತಪ್ಪಿತಸ್ಥನದು. ಅರ್ಜಿಯನ್ನೂ ಕೊಡದೆ, ತಪ್ಪನ್ನೂ ಮಾಡದೆ, ಮೂವತ್ತು ವರ್ಷ ಅನ್ನವಿಕ್ಕಿ ಸ್ನಾನ ಮಾಡಿಸಿದವರು ಕಾನೂನಿನ ಕಣ್ಣಿಗೆ ಬೀಳುವ ಸಂಭವವೇ ಇರಲಿಲ್ಲ. ಜನಗಣತಿಯ ಮಾತೂ ಹೀಗೆಯೇ. 1881ರಿಂದ 1931ರ ವರೆಗೆ ಗಣತಿಯವರು ಕುರುಡರು, ಕಿವುಡಮೂಗರು, ಕುಷ್ಠರೋಗಿಗಳು ಇವರೊಡನೆ ಬುದ್ಧಿಭ್ರಮಣೆಯುಳ್ಳವರನ್ನೂ ಮನೆಮನೆಯಲ್ಲಿ ಎಣಿಸಿದರು. ಲೆಕ್ಕಕ್ಕೆ ಉತ್ತರ ಹೇಳಿದವರು ನೋಡಿಕೊಳ್ಳುವವರೇ; ಲೆಕ್ಕದಲ್ಲಿ ಸೇರದವರೂ ಅವರೇ.

1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧದ ಗುಣ ಕಂಡುಬಂದ ಮೇಲೆ ಈ ರೋಗದ ಚಿಕಿತ್ಸೆಯ ದಿಕ್ಕೇ ತಿರುಗಿತು. ಭ್ರಮೆಗಳನ್ನು ತಗ್ಗಿಸುವ ಮಾತ್ರೆ ಸಿಕ್ಕಿದುದರಿಂದ ರೋಗಿಯು ಮನೆಯಲ್ಲಿದ್ದೇ ಬಾಳಬಹುದೆಂಬ ನಂಬಿಕೆ ಬಂದಿತು. ಅದೇ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಯೊಡನೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಸಂಸ್ಥೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಸಾರಿದ ಬಳಿಕ ಅದನ್ನು ಜಿಲ್ಲೆಯ ಅಳತೆಯಲ್ಲಿ ನಡೆಯಿಸಿ ನೋಡಲು ಆರಿಸಿಕೊಂಡ ಪ್ರದೇಶವೇ ಬಳ್ಳಾರಿ.  ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದೂರ. ದೂರವೇ ಆಯ್ಕೆಗೆ ಅರ್ಹತೆಯಾಯಿತೆಂದರೆ ತಪ್ಪಾಗದು.

ಆ ಯೋಜನೆಯ ಕ್ರಮ ಸರಳವಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಹಳ್ಳಿಗಳನ್ನು ಸುತ್ತುವ ಆರೋಗ್ಯ ಸಹಾಯಕರಿಗೂ ತರಬೇತಿ ಕೊಟ್ಟರು. ಮನೋರೋಗಕ್ಕೂ ಮೂರ್ಛೆರೋಗಕ್ಕೂ ಬೇಕಾದ ಆರು ಔಷಧಗಳು ಕೇಂದ್ರಗಳಲ್ಲಿಯೇ ದೊರೆಯುವಂತೆ ಮಾಡಿದರು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೊಬ್ಬರು, ಅಗತ್ಯಬಿದ್ದರೆ ಕೆಲವು ದಿನ ಇರಿಸಿಕೊಳ್ಳಲು ಹತ್ತು ಹಾಸಿಗೆಗಳು, ತಿಂಗಳಿಗೊಮ್ಮೆ ಜಿಲ್ಲಾ ಆರೋಗ್ಯಾಧಿಕಾರಿಯ ಮುಂದೆ ಪರಿಶೀಲನೆ. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್ ಮೊದಲಾದವರು ತರಬೇತಿಗಾಗಿ ಸಿದ್ಧಪಡಿಸಿದ ಕೈಪಿಡಿಗಳು ಈ ಕಾಲದವು. ಚಂದ್ರಶೇಖರರು ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಬರೆದ ಹಲವು ಪುಸ್ತಕಗಳನ್ನೂ, ‘ರಾಶಿ’ಯವರೆಂದು ಖ್ಯಾತರಾದ ಡಾ. ಎಂ. ಶಿವರಾಂ ಅವರ, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ‘ಮನಮಂಥನ’ವನ್ನೂ ಕನ್ನಡ ಶಾಸ್ತ್ರಗದ್ಯದ ಚರಿತ್ರೆಯಲ್ಲಿ ಸೇರಿಸಿ ನೋಡಬೇಕಾದುದು ನ್ಯಾಯ.

ಆರು ಔಷಧಗಳಲ್ಲಿ ಒಂದಾದ ಫ್ಲುಫೆನಜಿನ್ ಚುಚ್ಚುಮದ್ದಿನ ವಿಷಯವನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ತನಗೆ ರೋಗವೇ ಇಲ್ಲವೆಂದು ನಂಬಿರುವುದು ಈ ರೋಗಿಗಳಲ್ಲಿ ಸಾಮಾನ್ಯ. ಆದುದರಿಂದ ಮಾತ್ರೆಯು ಅವರ ಕಣ್ಣಿಗೆ ವಿಷವಾಗಿ ಕಾಣಬಹುದು. ಸಾರಿನಲ್ಲಿ ಅರೆದು ಬೆರೆಸುವುದು, ರೊಟ್ಟಿಯ ತುತ್ತಿನಲ್ಲಿ ಅಡಗಿಸುವುದು, ನುಂಗಿದನೋ ಉಗಿದನೋ ಎಂದು ಹಿಂದೆ ಹೋಗಿ ನೋಡುವುದು, ಇವೆಲ್ಲ ತಾಯಂದಿರ ಪಾಲಿಗೆ ಬಂದ ಕೆಲಸಗಳು. ಅಡಗಿಸಿದುದು ಒಮ್ಮೆ ಗೊತ್ತಾದರೆ ಆಮೇಲೆ ಮನೆಯ ಅನ್ನವನ್ನೇ ಅವನು ಮುಟ್ಟುವುದಿಲ್ಲ. ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಕೊಡುವ ಚುಚ್ಚುಮದ್ದು ಈ ನಿತ್ಯದ ಕದನವನ್ನು ತಿಂಗಳಿಗೊಂದೆರಡಕ್ಕೆ ಇಳಿಸಿತು. ಕೈನಡುಕ, ಮೈಬಿಗಿತಗಳು ಬಂದರೆ ಅದಕ್ಕೆ ಬೇರೆ ಮಾತ್ರೆಯೂ ಆ ಆರರಲ್ಲಿ ಇತ್ತು. ಬಳ್ಳಾರಿಯ ಯೋಜನೆಯಿಂದ ಶುಶ್ರೂಷಕರಿಗೆ ಆದ ಉಪಕಾರಗಳಲ್ಲಿ ಇದು ದೊಡ್ಡದು. ಯೋಜನೆಯನ್ನು ಹೊಗಳುವವರು ಇದನ್ನು ಹೇಳದೆ ಬಿಟ್ಟು ಬರಿಯ ಕೇಂದ್ರಗಳ ಲೆಕ್ಕವನ್ನು ಹೇಳುವುದು ಸೋಜಿಗ.

ಅದು ಹಾಗಿರಲಿ. ಕೊರತೆಯನ್ನೂ ಹೇಳಬೇಕು. ಕೇಂದ್ರಗಳಲ್ಲಿ ಇರಿಸಿದ ದಾಖಲೆ ರೋಗಿಯದು. ತಿಂಗಳ ವರದಿಗೆ ಮೂಲಮಾನವೂ ರೋಗಿಯೇ. ಅಳೆಯುವ ಸಾಧನ ಇಲ್ಲದೆ ಹೀಗಾಯಿತೆನ್ನುವಂತಿಲ್ಲ. ನಾಲ್ಕು ವರ್ಷ ಮುಂಚೆ, 1981ರಲ್ಲಿ, ಅದೇ ಬೆಂಗಳೂರಿನ ಸಂಸ್ಥೆಯ ಪೈ ಮತ್ತು ಆರ್. ಎಲ್. ಕಪೂರ್ ಅವರು ಮನೋರೋಗಿಯ ಕುಟುಂಬದ ಮೇಲೆ ಬೀಳುವ ಹೊರೆಯನ್ನು ಅಳೆಯಲು ಪ್ರಶ್ನಾವಳಿಯೊಂದನ್ನು ರಚಿಸಿ ಪ್ರಕಟಿಸಿದ್ದರು. ಹಣ, ದಿನಚರಿ, ವಿರಾಮ, ಮನೆಯವರ ಪರಸ್ಪರ ಬಾಂಧವ್ಯ, ಉಳಿದವರ ದೇಹಾರೋಗ್ಯ, ಅವರ ಮನಸ್ಸು ಎಂದು ಆರು ಭಾಗ, 24 ಪ್ರಶ್ನೆ. ಇದು ಇಂದಿಗೂ ಅನೇಕ ದೇಶಗಳ ಸಂಶೋಧಕರ ಬಳಕೆಯಲ್ಲಿದೆ. 1983ರಲ್ಲಿ ಅದೇ ವಿದ್ವಾಂಸರು, ತರಬೇತಿ ಪಡೆದ ದಾದಿಯು ಮನೆಗೇ ಹೋಗಿ ಉಪಚರಿಸಿದರೆ ಆಸ್ಪತ್ರೆಯಲ್ಲಿ ಸೇರಿಸುವುದಕ್ಕಿಂತ ರೋಗಿಗೂ ಲೇಸು, ಮನೆಯವರ ಹೊರೆಯೂ ಕಡಮೆ ಎಂದು ತೋರಿಸಿದರು. ಸಾಧನವೂ ಸಾಕ್ಷ್ಯವೂ ಕೈಯಲ್ಲಿದ್ದು ಅವು ಜಿಲ್ಲೆಯ ತಿಂಗಳ ವರದಿಯ ಅಂಕಣವಾಗದೆ ಉಳಿದುವು.

ಆ ಆರು ಭಾಗಗಳನ್ನು ಈ ಮೂರು ಊರುಗಳ ಬದುಕಿಗೆ ಹಚ್ಚಿ ನೋಡಿದರೆ ಹೊರೆಯ ಸ್ವರೂಪ ತಿಳಿಯುತ್ತದೆ. ಸಿರುಗುಪ್ಪವು ತುಂಗಭದ್ರೆಯ ದಂಡೆಯ ಭತ್ತದ ನಾಡು. ವಿಜಯನಗರದ ಅರಸರ ಕಾಲದ ಕಾಲುವೆ ಅಲ್ಲಿ ಇಂದಿಗೂ ಉಂಟು. ನಾಟಿಯ ಕೆಲಸ ಹೆಂಗಸರದು; ಅದು ಕೆಲವೇ ವಾರಗಳ ಸುಗ್ಗಿ. ಆ ವಾರಗಳಲ್ಲಿ ಮಗನ ರೋಗ ಕೆರಳಿದರೆ ತಾಯಿ ಕಳೆದುಕೊಳ್ಳುವುದು ಒಂದು ದಿನದ ಕೂಲಿಯಲ್ಲ, ಗುಂಪಿನಲ್ಲಿ ತನಗಿದ್ದ ಸ್ಥಾನ. ಕುರುಗೋಡಿನ ಸುತ್ತ ಎರೆಭೂಮಿ; ಜೋಳ, ಹತ್ತಿ, ಮೆಣಸಿನಕಾಯಿ. ಮಳೆ ತಪ್ಪಿದ ವರ್ಷ ಈ ಸೀಮೆಯವರು ಗುಳೆ ಹೋಗುವುದು ಹಳೆಯ ವಾಡಿಕೆ. ಚಿತ್ತವಿಕಲನಿರುವ ಮನೆಗೆ ಆ ದಾರಿಯೂ ಇಲ್ಲ. ಅವನನ್ನು ಕರೆದೊಯ್ಯುವಂತಿಲ್ಲ, ಬಿಟ್ಟುಹೋಗುವಂತಿಲ್ಲ. ಒಬ್ಬರು ಉಳಿಯಬೇಕು, ಉಳಿಯುವವಳು ಸಾಮಾನ್ಯವಾಗಿ ಮುದುಕಿ. ಬಳ್ಳಾರಿ ನಗರದಲ್ಲಿ ಜೀನ್ಸ್ ಉಡುಪು ಹೊಲಿಯುವ ಕಸುಬು ಮನೆಮನೆಗೆ ಹಬ್ಬಿರುವುದರಿಂದ ನೋಡಿಕೊಳ್ಳುವ ಹೆಂಗಸಿಗೆ ಕೂತಲ್ಲಿಯೇ ನಾಲ್ಕು ಕಾಸು ಸಂಪಾದಿಸುವ ಅನುಕೂಲ ಉಂಟು; ಆದರೆ ಕತ್ತರಿ, ಸೂಜಿ, ವಿದ್ಯುತ್ತಿನ ಯಂತ್ರ ಇರುವ ಚಿಕ್ಕ ಕೋಣೆಯಲ್ಲಿ ಒಂದು ಕಣ್ಣು ಹೊಲಿಗೆಯ ಮೇಲೆ, ಇನ್ನೊಂದು ಅವನ ಮೇಲೆ.

ನಿದ್ರೆಯ ಮಾತು ಬೇರೆ. ಹೊಸ್ತಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಮಲಗುವುದು, ಅಗಳಿಯ ಸಪ್ಪಳಕ್ಕೆ ಎದ್ದು ಕೂಡುವುದು, ಊರಾಚೆಗೆ ಹೊರಟವನನ್ನು ಹುಡುಕಿ ಬಸ್‌ಸ್ಟ್ಯಾಂಡಿಗೆ ಹೋಗುವುದು, ಇವು ವರ್ಷಗಟ್ಟಲೆ ನಡೆದರೆ ಶುಶ್ರೂಷಕಳ ಮೈಯೇ ಒಡೆಯುತ್ತದೆ. ಮದುವೆಗೆ, ಜಾತ್ರೆಗೆ ಹೋಗುವುದು ಮೊದಲು ನಿಲ್ಲುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ನೆಂಟರು ಮನೆಗೆ ಬರುವ ದಿನ ಇವರಿಗೆ ಹಬ್ಬಕ್ಕಿಂತ ಪರೀಕ್ಷೆಯೇ ಸರಿ. ಬಾಂಧವ್ಯ ಕಡಿಯುವುದು ಜಗಳದಿಂದಲ್ಲ. ಕರೆಯುವುದನ್ನು ಜನ ಮೆಲ್ಲನೆ ಬಿಡುತ್ತಾರೆ. ಒಡಹುಟ್ಟಿದ ಹೆಣ್ಣುಮಕ್ಕಳಿಗೆ ಸಂಬಂಧ ಬಂದಾಗ ಅಣ್ಣನ ವಿಷಯ ಮುಚ್ಚಿಡಬೇಕೋ ಹೇಳಬೇಕೋ ಎಂಬುದು ಮನೆಯವರನ್ನು ಕಾಡುವ ದೊಡ್ಡ ಪ್ರಶ್ನೆ.

ರೋಗಿಯು ಹೆಣ್ಣಾದರೆ ಹೊರೆ ತವರಿಗೆ ತಿರುಗುತ್ತದೆ. ಹಿಂದೂ ವಿವಾಹ ಕಾಯಿದೆಯು 1976ರ ತಿದ್ದುಪಡಿಯಲ್ಲಿ ಈ ರೋಗವನ್ನು ಹೆಸರಿಟ್ಟೇ ವಿಚ್ಛೇದನದ ಕಾರಣಗಳಲ್ಲಿ ಸೇರಿಸಿತು. ರೋಗವಿದ್ದ ಮಾತ್ರದಿಂದ ಸಾಲದು, ಕೂಡಿ ಬಾಳಲಾಗದಷ್ಟು ತೀವ್ರವಾಗಿರಬೇಕೆಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದರೂ, ಬಹಳ ಹೆಂಗಸರು ಕೋರ್ಟಿನ ಮೆಟ್ಟಲೇರುವ ಮೊದಲೇ ತೌರಿನ ಬಾಗಿಲಲ್ಲಿರುತ್ತಾರೆ. ಚೆನ್ನೈಯ ಸ್ಕಾರ್ಫ್ ಸಂಸ್ಥೆಯ ಆರ್. ತಾರಾ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ ಹೆಂಗಸರನ್ನು ಇಮ್ಮಡಿ ಹತಭಾಗ್ಯರೆಂದು ಕಂಡು, ಅವರನ್ನು ನೋಡಿಕೊಳ್ಳುವ ವೃದ್ಧ ತಂದೆತಾಯಿಗಳ ಚಿಂತೆಯನ್ನೂ ಬೇರೆಯಾಗಿ ವಿಚಾರಿಸಿರುವರು. ಕನ್ನಡದಲ್ಲಿ ತ್ರಿವೇಣಿಯವರ ‘ಶರಪಂಜರ’ವು, 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರವಾಗಿ, ಗುಣಹೊಂದಿ ಮರಳಿದ ಹೆಂಗಸನ್ನು ಮನೆ ಹೇಗೆ ಕಾಣುತ್ತದೆಂಬುದನ್ನು ನಾಡಿಗೆಲ್ಲ ತಿಳಿಸಿತು. ಅಲ್ಲಿಯ ರೋಗ ಚಿತ್ತವಿಕಲತೆಯಲ್ಲ, ಬಾಣಂತನದೊಡನೆ ಬಂದುದು. ರೋಗಿಯ ನೋವಿಗೆ ಕನ್ನಡ ಕಾದಂಬರಿ ಬಾಯಿ ಕೊಟ್ಟಿತೆಂಬುದು ನಿಜ. ನೋಡಿಕೊಂಡವರ ದಿನಚರಿ ಇನ್ನೂ ಕಥಾವಸ್ತುವಾಗಬೇಕಾಗಿದೆ.

ಮತ್ತೊಂದು ಕಡೆಯಿಂದ ಹೊಗಳಿಕೆಯೂ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯವರು 1960ರ ದಶಕದಿಂದ ಆಗ್ರಾ ಮೊದಲಾದ ಕೇಂದ್ರಗಳಲ್ಲಿ ನಡೆಯಿಸಿದ ಅಧ್ಯಯನಗಳಲ್ಲಿ, ಬಡದೇಶಗಳ ರೋಗಿಗಳು ಸಿರಿವಂತ ದೇಶದವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುವರೆಂಬ ಫಲಿತಾಂಶ ಹೊರಬಿದ್ದಿತು. ಚಂಡೀಗಢದ ಮನೆಗಳಲ್ಲಿ ರೋಗಿಯ ಮೇಲೆ ಹರಿಹಾಯುವ ಮಾತು ಲಂಡನ್ನಿನ ಮನೆಗಳಲ್ಲಿಗಿಂತ ಕಡಮೆಯೆಂದು 1987ರಲ್ಲಿ ಪ್ರಕಟವಾಯಿತು. ಇವುಗಳಿಂದ ಅವಿಭಕ್ತ ಕುಟುಂಬಕ್ಕೆ ಕೀರ್ತಿ ಬಂದಿತು. ಆ ಕೀರ್ತಿ ಪೂರ್ತಿ ಸುಳ್ಳಲ್ಲ. ಆದರೆ ಕುಟುಂಬವೆಂಬುದು ನೋಡಿಕೊಳ್ಳುವ ಜೀವವಲ್ಲ; ಅದರೊಳಗಿನ ಒಬ್ಬಿಬ್ಬರು, ಬಹುಮಟ್ಟಿಗೆ ಹೆಂಗಸರು, ನೋಡಿಕೊಳ್ಳುತ್ತಾರೆ. ಕುಟುಂಬ ನೋಡಿಕೊಳ್ಳುತ್ತದೆಂದು ಹೊಗಳಿ ಸರ್ಕಾರ ಕೈತೊಳೆದುಕೊಳ್ಳುವುದಕ್ಕೆ ಇಂತಹ ಫಲಿತಾಂಶಗಳು ನೆವವಾಗಬಾರದು. ಆಧಾರವಿಲ್ಲದ ಮನೆಯವರು ಏನು ಮಾಡುವರೆಂಬುದಕ್ಕೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿಗೆ ಸಿಕ್ಕಿ ಸತ್ತ ಸರಪಳಿಯ ರೋಗಿಗಳೇ ಸಾಕ್ಷಿ. ಅವರನ್ನು ದರ್ಗೆಯ ಬಳಿ ತಂದು ಬಿಟ್ಟವರು ಬಂಧುಗಳೇ, ಗುಣವಾದೀತೆಂಬ ಆಸೆಯಿಂದಲೇ ಬಿಟ್ಟವರು.

ಬಳ್ಳಾರಿಯ ಮಾದರಿಯು 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ದೇಶದಲ್ಲಿ ಹಬ್ಬಿ ಈಗ ಏಳುನೂರಕ್ಕೂ ಹೆಚ್ಚು ಜಿಲ್ಲೆಗಳನ್ನು ಮುಟ್ಟಿದೆ. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಯೋಜನೆಯಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಟಾಯಿತು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ಆರೈಕೆದಾರನೆಂಬ ಶಬ್ದಕ್ಕೆ ಲಕ್ಷಣ ಹೇಳಿ, ರಾಜ್ಯ ಪ್ರಾಧಿಕಾರದಲ್ಲಿ ಅಂಥವರ ಪ್ರತಿನಿಧಿಗಳಿಬ್ಬರಿಗೆ ಸ್ಥಾನ ಕೊಟ್ಟಿತು. ಅದಕ್ಕೂ ಹಿಂದಿನ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆಯ ಭತ್ಯೆಯ ಮಾತು ಬಂದಿದೆ. ಶೇಕಡಾ 40ರ ಅಂಗವಿಕಲತೆಯ ಪ್ರಮಾಣಪತ್ರವಿಲ್ಲದೆ ಇಂತಹ ಸೌಲಭ್ಯಗಳ ಬಾಗಿಲು ತೆರೆಯುವುದು ಕಷ್ಟ. ಕಣ್ಣಿಗೆ ಕಾಣದ ಊನಕ್ಕೆ ಶೇಕಡಾ ಲೆಕ್ಕ ಹಾಕಿಸಲು ಮಗನನ್ನು ಒಲಿಸಿ ಬಸ್ಸು ಹತ್ತಿಸುವುದು, ಅವನು ಸುಮ್ಮನಿರುವ ದಿನವನ್ನೇ ಆರಿಸಿಕೊಂಡು ಹೋದರೆ ಇವನಿಗೇನಾಗಿದೆಯೆಂದು ಕೇಳಿಸಿಕೊಳ್ಳುವುದು ಶುಶ್ರೂಷಕರ ಹೊಸ ಕೆಲಸಗಳು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಲೋಕದಲ್ಲಿ ಸುಮಾರು ಮುನ್ನೂರು ಜನರಿಗೊಬ್ಬರು ಈ ರೋಗದವರು. ನಾಲ್ಕು ಲಕ್ಷ ಜನರಿರುವ ಬಳ್ಳಾರಿ ನಗರಕ್ಕೆ ಆ ಪ್ರಮಾಣವನ್ನೇ ಹಚ್ಚಿದರೆ ಸಾವಿರದ ಮುನ್ನೂರು ಮನೆಗಳಾಗುತ್ತವೆ. ರೋಗ ಮೊದಲಾಗುವುದು ಸಾಮಾನ್ಯವಾಗಿ ಹದಿನೆಂಟರಿಂದ ಮೂವತ್ತರೊಳಗೆ. 1985ರಲ್ಲಿ ಇಪ್ಪತ್ತು ವರ್ಷದ ಮಗನನ್ನು ಸಿರುಗುಪ್ಪದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ ತಾಯಿ ಬದುಕಿದ್ದರೆ ಇಂದು ಎಂಬತ್ತು ದಾಟಿರುವಳು, ಮಗನಿಗೆ ಅರುವತ್ತು. ನಿಮ್ಹಾನ್ಸಿನವರ ವರದಿಗಳು ಅಚ್ಚಾಗಿ ಉಳಿದಿವೆ. ಕೇಂದ್ರಗಳಿಂದ ಮನೆಗೆ ಬಂದ ಚೀಟಿಗಳು, ಚುಚ್ಚುಮದ್ದಿನ ದಿನವನ್ನು ಗುರುತುಹಾಕಿದ ಗೋಡೆಯ ಪಂಚಾಂಗಗಳು, ಹರಕೆಯ ಲೆಕ್ಕ ಬರೆದ ಪುಸ್ತಕಗಳು ಕೆಲವು ಮನೆಗಳಲ್ಲಿಯಾದರೂ ಉಳಿದಿರಬೇಕು. ಅವುಗಳನ್ನು ಓದಿ ಹೇಳಬಲ್ಲವರು ಇರುವಾಗಲೇ ಬಳ್ಳಾರಿಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಯಲ್ಲಿಟ್ಟು, ಸಂಗ್ರಹದ ಕೆಲಸಕ್ಕೆ ಕೈಹಚ್ಚಬಹುದು.